ಐದನೇ ಸುತ್ತಿನ ಬ್ರಾಂಕೊ

ಬಂದ್ಯೋಡಿನ ಕ್ಲೆಟಸ್ ಹೆಂಡತಿಯ ತವರಿನವರ ಎದುರು ಎರಡು ವರ್ಷ ಒಂದೇ ಸಮನೆ ಮಾನ ಕಳೆದುಕೊಂಡ ಮನುಷ್ಯ. ಜೂಲಿಯೆಟ್‌ಳ ಅಣ್ಣತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಜೊತೆಗೆ ಇವನು, ಹೀಗೆ ಎಂಟು ಗಂಡಸರು ಮೊಬೈಲಿನಲ್ಲಿ ಫ್ಯಾಂಟಸಿ ಬಾಸ್ಕೆಟ್‌ಬಾಲ್ ಆಡುತ್ತಾರೆ. ಅಮೆರಿಕದ ಆಟಗಾರರನ್ನು ಸರದಿಯಂತೆ ಒಬ್ಬೊಬ್ಬರಾಗಿ ಎತ್ತಿಕೊಂಡು ತಂಡ ಕಟ್ಟುವುದು. ಅವರು ಅಲ್ಲಿ ಚೆಂಡು ಹಾಕಿದರೆ ಇವರಿಗೆ ಇಲ್ಲಿ ಪಾಯಿಂಟು. (ಬೆವರು ಅವರದು, ಜಂಬ ಇವರದು.) ಪಾಯಿಂಟಿನಲ್ಲಿ ಕೊನೆಗೆ ಬಂದವನು ಈಸ್ಟರ್ ದಿನ ಉಪ್ಪಳದ ಮಾವನ ಮನೆಯಲ್ಲಿ ಅಷ್ಟೂ ಜನರ ಪಾತ್ರೆ ತೊಳೆಯಬೇಕು, ಹಂದಿಮಾಂಸದ ಜಿಡ್ಡು ಹಿಡಿದ ಹಂಡೆ ಸಮೇತ!

"ಈ ಸಲವೂ ಹಿತ್ತಲಲ್ಲಿ ಕೂತು ಹಂಡೆ ತಿಕ್ಕಿದಿರೋ, ನೀವು ನನ್ನ ಗಂಡ ಅಂತ ನಾನು ಒಪ್ಪುವುದೇ ಇಲ್ಲ," ಎಂದಳು ಜೂಲಿಯೆಟ್.

ಆ ಸಂಕಟದಲ್ಲಿ ಕ್ಲೆಟಸ್‌ಗೆ ಎಡಿಪಿ ಎಂಬ ಮಹಾಮಂತ್ರ ದೊರೆಯಿತು. ಆವರೇಜ್ ಡ್ರಾಫ್ಟ್ ಪೊಸಿಶನ್. ಲೋಕದಲ್ಲೆಲ್ಲ ಆಡುವವರು ಒಬ್ಬ ಆಟಗಾರನನ್ನು ಸರಾಸರಿ ಎಷ್ಟನೆಯವನಾಗಿ ಎತ್ತುತ್ತಾರೆ ಎಂಬ ಲೆಕ್ಕ. ಅದು ಗೊತ್ತಿದ್ದರೆ ಯಾರಿಗೆ ಅವಸರಪಡಬೇಕು, ಯಾರಿಗೆ ಕಾಯಬಹುದು ಎಂದು ತಿಳಿಯುತ್ತದೆ.

"ಬ್ರಾಂಕೊ ಅಂತ ಒಬ್ಬ ಇದ್ದಾನೆ ಮಾರಾಯ್ತಿ. ಮೊಣಕಾಲಿಗೆ ಪೆಟ್ಟಾಗಿ ಕೂತಿದ್ದ, ಈಗ ಗುಣ ಆಗಿದೆ. ಅವನ ಎಡಿಪಿ ಮೂವತ್ತೆಂಟು. ಸುತ್ತಿಗೆ ಎಂಟು ಜನ, ಅಂದರೆ ಐದನೇ ಸುತ್ತಿನವರೆಗೆ ಒಬ್ಬನೂ ಮುಟ್ಟುವುದಿಲ್ಲ. ನಾಲ್ಕರಲ್ಲಿ ನಾನು ಮೆಲ್ಲಗೆ ಎತ್ತುತ್ತೇನೆ!"

"ಮೊದಲು ಆ ಗ್ಯಾಸ್ ಸಿಲಿಂಡರ್ ಎತ್ತಿ ಒಳಗಿಡಿ."

ಆಗ ಅಕ್ಟೋಬರ್, ರೋಜರಿಯ ತಿಂಗಳು. ಸಂಜೆ ಮನೆಯವರೆಲ್ಲ ಮೊಣಕಾಲೂರಿ ಜಪಮಾಲೆ ಹೇಳುವಾಗ ಕ್ಲೆಟಸ್‌ನ ಬಾಯಲ್ಲಿ ಬರೀ ನಂಬ್ರಗಳು. ಊಟವೂ ಸೇರುತ್ತಿರಲಿಲ್ಲ. ಮಗ ಸೊರಗಿದ್ದು ತಾಯಿಗೆ ಕಾಣದೇ ಇರುತ್ತದೆಯೇ?

"ಎಂತ ಕಷ್ಟ ಉಂಟು ಮಗಾ?" ಕೇಳಿದರು ಸೋಫಿಯಾಬಾಯಿ.

"ಬ್ರಾಂಕೊ ಅಂತ ಒಬ್ಬ ಹುಡುಗನ ವಿಷಯ ಮಮ್ಮಿ. ಮೊಣಕಾಲಿನ ಪೆಟ್ಟು ಗುಣ ಆಗಿದೆ. ಆದರೂ ಐದನೇ ಸುತ್ತಿನವರೆಗೆ ಅವನನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಒಂದು ಪ್ರಾರ್ಥನೆ ಮಾಡು, ಸಾಕು."

"ಅಯ್ಯೋ ಪಾಪ!" ಎಂದು ಅವರು ಶಿಲುಬೆಯ ಗುರುತು ಮಾಡಿಕೊಂಡರು.

ಭಾನುವಾರ ಪೂಜೆ ಮುಗಿಸಿ ಬಂದು ಎಂಟೂ ಜನ ಅವರವರ ಮನೆಯಲ್ಲಿ ಮೊಬೈಲ್ ಹಿಡಿದು ಕೂತರು. ಮೊದಲ ಸುತ್ತು ಎಡಿಪಿ ಹೇಳಿದ ಹಾಗೆಯೇ ನಡೆಯಿತು. ಕ್ಲೆಟಸ್ ಕಾಲ ಮೇಲೆ ಕಾಲು ಹಾಕಿದ. ಎರಡನೇ ಸುತ್ತಿನಲ್ಲಿ ಇವನಿಗಿಂತ ಒಂದು ಸರದಿ ಮುಂಚೆ ಅವನ ಭಾವಮೈದ ಎಲ್ರೊಯ್ ಬ್ರಾಂಕೊನನ್ನು ಎತ್ತಿಬಿಟ್ಟ!

ಕ್ಲೆಟಸ್ ಕೂಡಲೇ ಉಪ್ಪಳಕ್ಕೆ ಫೋನ್ ಹಚ್ಚಿದ. "ಏ ಎಲ್ರೊಯ್, ನಿನಗೆ ತಲೆ ಸಮ ಉಂಟಾ? ಮೂವತ್ತೆಂಟರವನನ್ನು ಎರಡನೇ ಸುತ್ತಿನಲ್ಲಿ ಯಾರಾದರೂ ಎತ್ತುತ್ತಾರಾ?"

"ನಾನು ಬಿಟ್ಟರೆ ನಮ್ಮ ದೊಡ್ಡಪ್ಪನ ಮಗ ಸವಿಯೊ ಎತ್ತುತ್ತಿದ್ದ ಭಾವ. ಎಲ್ಲರೂ ಅವನಿಗೇ ಕಾದು ಕೂತಿದ್ದೆವು. ನಿಮ್ಮ ಮಮ್ಮಿಯೇ ಕುಟುಂಬದ ಪ್ರಾರ್ಥನೆ ಗ್ರೂಪಿಗೆ ಹಾಕಿದ್ದಲ್ಲವಾ? ಬ್ರಾಂಕೊನ ಮೊಣಕಾಲು ಗುಣ ಆಗಿದೆ, ಅವನ ಚಿಂತೆಯಲ್ಲಿ ಕ್ಲೆಟಸ್ ಅನ್ನ ಬಿಟ್ಟಿದ್ದಾನೆ, ಯಾರಾದರೂ ಬೇಗ ತೆಗೆದುಕೊಳ್ಳಲಿ ಅಂತ ಎಲ್ಲರೂ ಬೇಡಿಕೊಳ್ಳಿ ಅಂತ. ನಾವೆಲ್ಲ ಆಮೆನ್ ಹಾಕಿದೆವು!"

(ದಿನವೂ ಬರುವ ಶುಭಾಶಯಗಳ ಕಾಟ ತಾಳದೆ ಕ್ಲೆಟಸ್ ಆ ಗ್ರೂಪನ್ನು ತೆರೆಯುವುದೇ ಬಿಟ್ಟಿದ್ದ.)

ಈ ಜಗಳದ ನಡುವೆ ಅವನ ಸರದಿ ಬಂದು, ಸಮಯ ಮುಗಿದೇ ಹೋಯಿತು. ಹೀಗಾದರೆ ಆ್ಯಪ್ ತಾನೇ ಎಡಿಪಿ ನೋಡಿ ಮುಂದಿನವನನ್ನು ಕೊಡುತ್ತದೆ. ಕೊಟ್ಟಿತು. ಅವನೋ, ಹಿಂದಿನ ದಿನವಷ್ಟೇ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದವನು! ಸರಾಸರಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಜೂಲಿಯೆಟ್ ಬಗ್ಗಿ ಮೊಬೈಲ್ ನೋಡಿದಳು, ಒಳಗೆ ಹೋಗಿ ಪಾತ್ರೆ ತಿಕ್ಕುವ ನಾರು ತಂದು ಅವನ ಮುಂದಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸೋಫಿಯಾಬಾಯಿ ಜಪಮಾಲೆ ಹಿಡಿದೇ ಬಂದರು. "ಆ ಹುಡುಗನ ಕತೆ ಎಂತಾಯಿತು ಮಗಾ?"

"ಎಲ್ರೊಯ್ ತೆಗೆದುಕೊಂಡ ಮಮ್ಮಿ. ಎರಡನೇ ಸುತ್ತಿನಲ್ಲೇ."

"ನೋಡಿದೆಯಾ! ಐದರವರೆಗೂ ಕಾಯಿಸಲಿಲ್ಲ ದೇವರು!" ಅವರ ಕಣ್ಣಲ್ಲಿ ನೀರು ಬಂತು. "ನೀನು ಯಾಕೆ ಮುಖ ಹಾಗೆ ಮಾಡಿದ್ದು? ನಿನಗೆ ಸಿಕ್ಕಿದವನ ಹೆಸರು ಹೇಳು, ಅವನದ್ದೂ ಗ್ರೂಪಿಗೆ ಹಾಕುತ್ತೇನೆ."

ಕ್ಲೆಟಸ್ ಹೆಸರು ಹೇಳಿದ. ಕಾಲು ಮುರಿದದ್ದನ್ನೂ ಹೇಳಿದ. ಈ ಸಲ ಪ್ರಾರ್ಥನೆ ನಿಜವಾಗಿಯೂ ಬೇಕಿತ್ತು.