ಬಲಗಿವಿಯ ಮಾವ, ಎಡಗಿವಿಯ ಮಾವ

ಕಾಣದವರ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಪಕ್ಕದ ತೋಟದವನ ಮೇಲೆ ಸಿಟ್ಟಾದರೆ ಅವನು ಬದುವಿನ ಮೇಲೆ ನಿಂತು ತಿರುಗಿ ಬಯ್ಯುತ್ತಾನೆ, ಮೇಲಾಗಿ ಮರುದಿನ ನೀರು ಬಿಡಿಸಿಕೊಳ್ಳಲು ಅವನ ಮುಂದೆಯೇ ಹಲ್ಲು ಕಿರಿಯಬೇಕಾಗುತ್ತದೆ. ಕಾಣದವನಿಂದ ಈ ತೊಂದರೆ ಇಲ್ಲ. ತಮಿಳುನಾಡಿನ ಕಂಬಂ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನಾನು ಪಾಕಿಸ್ತಾನದವರನ್ನು ಇಪ್ಪತ್ತು ವರ್ಷ ಬಯ್ದಿದ್ದೇನೆ. ಒಬ್ಬನೂ ಬಂದು ಯಾಕಪ್ಪಾ ಎಂದು ಕೇಳಲಿಲ್ಲ. ನಾನೂ ಅವರಲ್ಲಿ ಒಬ್ಬನನ್ನಾದರೂ ಕಂಡವನಲ್ಲ.

ನಾನು ಓದಿದ್ದು ಎಂಟನೇ ಕ್ಲಾಸು, ಅದೂ ತಮಿಳಿನಲ್ಲಿ. ಕನ್ನಡ ನಮ್ಮ ಮನೆಯೊಳಗಿನ ಮಾತು. ಅದರ ಅಕ್ಷರ ಕಲಿತದ್ದು ದ್ರಾಕ್ಷಿ ಲಾರಿಯ ಜೊತೆ ಮೈಸೂರಿಗೆ ಹೋಗಿ ಬರುತ್ತಾ, ಅಂಗಡಿ ಬೋರ್ಡುಗಳನ್ನು ಕೂಡಿಸಿ ಓದಿ. ಹಾಗಾಗಿ ಇಲ್ಲಿ ಅಕ್ಷರ ತಪ್ಪಿದ್ದರೆ ಆ ಬೋರ್ಡು ಬರೆದವರನ್ನು ಕೇಳಿ. ಆದರೆ ಈಗ ಒಪ್ಪಿಕೊಳ್ಳಲು ಹೊರಟಿರುವ ತಪ್ಪು ಪೂರ್ತಿ ನನ್ನದೇ.

ನನ್ನ ತಂಗಿ ಈಶ್ವರಿ ಶಾರ್ಜಾದಲ್ಲಿದ್ದಾಳೆ. ಅವಳ ಗಂಡ ಅಲ್ಲಿ ಏಸಿ ರಿಪೇರಿ ಕೆಲಸದವನು. ಒಂದು ಮನೆಯಲ್ಲಿ ಎರಡು ಸಂಸಾರ, ನಡುವೆ ಒಂದೇ ಅಡುಗೆಮನೆ. ಆ ಇನ್ನೊಂದು ಸಂಸಾರ ರಶೀದ್ ಭಾಯಿಯದು. ಅವನ ಊರು ಪಾಕಿಸ್ತಾನದ ಮುಲ್ತಾನಿನ ಹತ್ತಿರದ ಒಂದು ಹಳ್ಳಿ, ಹೆಂಡತಿ ನಸೀಮಾ. ಇಷ್ಟು ಸಂಗತಿಯನ್ನು ಅವ್ವ ಮತ್ತು ಈಶ್ವರಿ ಸೇರಿ ನನ್ನಿಂದ ಒಂದು ವರ್ಷ ಮುಚ್ಚಿಟ್ಟಿದ್ದರು. ನನಗೆ ಗೊತ್ತಾದ ವಾರದಲ್ಲೇ ಈಶ್ವರಿಯ ಫೋನು ಬಂತು. ನಾನು ಟೀ ಅಂಗಡಿಯಲ್ಲಿದ್ದೆ. ಬಸ್ಸುಗಳ ಗಲಾಟೆಗೆ ಕೇಳಿಸದೆಂದು ಸ್ಪೀಕರ್ ಹಾಕಿದೆ.

“ಅಣ್ಣಾ, ಮಾಸಿ ತಿಂಗ್ಳಲ್ಲಿ ಬರ್ತೀವಿ. ನಿಲಾಗೆ ಕಿವಿ ಚುಚ್ಚಿಸ್ಬೇಕು. ನೀನು ಮಡ್ಲಲ್ಲಿ ಕೂರಿಸ್ಕೊಬೇಕು.”

ನಮ್ಮಲ್ಲಿ ಮಗುವಿಗೆ ಕಿವಿ ಚುಚ್ಚುವಾಗ ಅದು ತಾಯಿಯ ಅಣ್ಣನದೋ ತಮ್ಮನದೋ ಮಡಿಲಲ್ಲಿ ಕೂತಿರಬೇಕು. ಅಪ್ಪ ಪಕ್ಕದಲ್ಲಿ ನಿಂತು ಬೆವರು ಒರೆಸಿಕೊಳ್ಳಬಹುದು, ಅಷ್ಟೆ. ಈಶ್ವರಿಗೆ ನಾನೊಬ್ಬನೇ ಅಣ್ಣ, ಅವಳ ಮಗಳು ನಿಲಾಗೆ ನಾನೊಬ್ಬನೇ ಮಾವ. ಬೆಂಚಿನ ಮೇಲೆ ನಾಲ್ಕು ಜನ ಟೀ ಲೋಟ ಹಿಡಿದು ಕಿವಿ ಕೊಟ್ಟಿದ್ದರು. ಅವರಿಲ್ಲದಿದ್ದರೆ ನಾನು ಹಾಗೆ ಅನ್ನುತ್ತಿರಲಿಲ್ಲವೇನೋ.

“ಮೊದ್ಲು ಆ ಮನೆ ಬಿಡು. ಪಾಕಿಸ್ತಾನದೋರ ಒಲೇಲಿ ಬೇಯ್ಸಿದ್ದು ತಿನ್ನೋ ಮಗೂಗೆ ನನ್ ಮಡ್ಲಲ್ಲಿ ಜಾಗ ಇಲ್ಲ!”

“ಅಪ್ಪಡಿ ಸೊಲ್ಲುಂಗ ಮಾಮಾ!” ಎಂದು ಬೆಂಚಿನವನೊಬ್ಬ ನನ್ನ ತೊಡೆ ತಟ್ಟಿದ. ಹಾಗೆ ಹೇಳಿ ಮತ್ತೆ, ಎಂದು ತಮಿಳಿನ ಮೆಚ್ಚುಗೆ.

“ಒಲೆ ನಂದೇ ಅಣ್ಣಾ. ಸಿಲಿಂಡರ್ ಮಾತ್ರ ಅರ್ಧ ಅವ್ರದು,” ಎಂದಳು ಈಶ್ವರಿ. ಫೋನು ಇಟ್ಟಳು.

ಶಿವರಾತ್ರಿಯ ಮಾಸಿ ತಿಂಗಳು ಬಂತು, ಅವಳು ಬರಲಿಲ್ಲ. ಹಟದಲ್ಲಿ ಅವಳೂ ನಮ್ಮಪ್ಪನ ಮಗಳೇ. ಒಂದು ಬೆಳಿಗ್ಗೆ ನಾನು ತೋಟದ ಪನ್ನೀರ್ ದ್ರಾಕ್ಷಿ ಬಳ್ಳಿಗೆ ಔಷಧಿ ಹೊಡೆದು ಕೈ ತೊಳೆಯುತ್ತಿದ್ದಾಗ ನೆಂಟರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಿತ್ತು. ಉದ್ದ ಅಂಗಿಯ, ಅಗಲ ಭುಜದ, ಗಡ್ಡದ ಮನುಷ್ಯನೊಬ್ಬ ಚಕ್ಕಂಬಟ್ಟಲೆ ಹಾಕಿ ಕೂತಿದ್ದಾನೆ. ಅವನ ಮಡಿಲಲ್ಲಿ ನಿಲಾ ಕಿರುನಾಲಿಗೆ ಕಾಣುವ ಹಾಗೆ ಬಾಯಿ ತೆರೆದು ಅಳುತ್ತಿದ್ದಾಳೆ. ಕಿವಿಯಲ್ಲಿ ಪುಟ್ಟ ಚಿನ್ನದ ಓಲೆ. ಕೆಳಗೆ ಈಶ್ವರಿ ಬರೆದದ್ದು ಎರಡೇ ಮಾತು: ‘ಕಿವಿ ಚುಚ್ಚಿದ್ವಿ.’

ಪಕ್ಕದ ತೇವಾರದಿಂದ ದಿಂಡಿಗಲ್ಲಿನವರೆಗೆ ನಮ್ಮವರೆಲ್ಲ ಆ ಗುಂಪಿನಲ್ಲಿದ್ದಾರೆ. ಕೈ ಒರೆಸಿಕೊಳ್ಳುವಷ್ಟರಲ್ಲಿ ದಿಂಡಿಗಲ್ಲಿನ ಚಿಕ್ಕಮ್ಮನ ಫೋನು. ಅವರದು ಬೀಗ ಮಾಡುವ ಮನೆ, ಮಾತೂ ಕಬ್ಬಿಣವೇ.

“ಯಾರ್ಲಾ ಅದು, ನಿನ್ ಜಾಗದಲ್ಲಿ ಕೂತೋನು? ಗಡ್ಡ ಚೆಂದಾಗಿದೆ.”

“ಏನೋ ಸಿಟ್ನಲ್ಲಿ ಒಂದ್ಮಾತು ಅಂದ್ಬಿಟ್ಟೆ ಚಿಕ್ಕಮ್ಮಾ.”

“ಮಡ್ಲಿಗೆ ಹಾಕೋ ಬೀಗ ನಾವು ಇದುವರ್ಗೂ ಮಾಡಿಲ್ಲ ಕಣ್ಲಾ. ನೀನು ಯಾವ ಅಂಗ್ಡೀಲಿ ತಗೊಂಡೆ?”

ಅವ್ವ ಬಯ್ಯಲೂ ಇಲ್ಲ. ಎರಡು ದಿನ ನನ್ನ ತಟ್ಟೆಗೆ ಅನ್ನ ಹಾಕಿ ಮುಖ ತಿರುಗಿಸಿ ಹೋದಳು. ನಾನು ಆ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಸಿಟ್ಟಿಗೆ ಏನಾದರೂ ಸಿಗುತ್ತದೋ ಎಂದು ಹುಡುಕಿದೆ. ಆ ಮನುಷ್ಯ ಮಗುವಿನ ಎರಡೂ ಕೈಯನ್ನು ತನ್ನ ಒಂದು ಅಂಗೈಯಲ್ಲಿ ಹಿಡಿದಿದ್ದ, ಇನ್ನೊಂದರಿಂದ ಅವಳ ಹಣೆ ಒತ್ತಿಕೊಂಡಿದ್ದ. ಅವನ ಕಣ್ಣೂ ಒದ್ದೆ. ಮೂರನೇ ದಿನ ಕಂಡಿತು: ಓಲೆ ಇದ್ದದ್ದು ಬಲಗಿವಿಗೆ ಮಾತ್ರ. ಎಡಗಿವಿ ಬರಿದು.

“ಅವ್ವಾ, ಒಂದೇ ಕಿವಿ!” ಎಂದೆ.

“ಎಣ್ಸೋಕೆ ಬರುತ್ತಾ ನಿಂಗೆ?” ಎಂದು ಅವ್ವ ತಾನೇ ವಿಡಿಯೋ ಕಾಲ್ ಹಚ್ಚಿ ಫೋನು ನನ್ನ ಕೈಗೆ ತುರುಕಿದಳು.

ಈಶ್ವರಿ ನನ್ನ ಮುಖ ನೋಡಿ ಮಾತಾಡದೆ ಫೋನನ್ನು ನೇರ ರಶೀದ್ ಭಾಯಿಯ ಕೈಗೆ ಕೊಟ್ಟುಬಿಟ್ಟಳು. ನನಗೆ ಬರುವ ಹಿಂದಿ ಲಾರಿಯವರಿಂದ ಕಲಿತದ್ದು, ಅದರಲ್ಲಿ ಸಂಖ್ಯೆಗಳು ಬಿಟ್ಟರೆ ಬೈಗುಳ. ಎರಡೂ ಆ ಹೊತ್ತಿಗೆ ಉಪಯೋಗವಿಲ್ಲ. ಅವನು ಹೇಳಿದ್ದನ್ನು ಈಶ್ವರಿ ಹಿಂದಿನಿಂದ ನಮ್ಮ ಮಾತಿಗೆ ತಿರುಗಿಸಿದಳು. ಅವನ ಊರಿನಲ್ಲೂ ತಾಯಿಯ ಅಣ್ಣತಮ್ಮಂದಿರು ಉಡುಗೊರೆ ಹೊತ್ತು ಬಾರದೆ ಮದುವೆ ಕಳೆಕಟ್ಟುವುದಿಲ್ಲವಂತೆ. ಮಾವ ಬದುಕಿರುವಾಗ ಎರಡೂ ಕಿವಿಯನ್ನು ತಾನೇ ತೆಗೆದುಕೊಂಡರೆ ತಪ್ಪು ಎಂದು ಒಂದನ್ನು ಬಿಡಿಸಿದನಂತೆ. ಓಲೆ ಜೋಡಿ ಕೊಟ್ಟಿದ್ದಾನೆ, ಇನ್ನೊಂದು ಡಬ್ಬಿಯಲ್ಲಿದೆ. “ಬಸ್ಸಲ್ಲಿ ಸೀಟು ಹಿಡಿಯೋಕೆ ಕಿಟಕೀಲಿ ರುಮಾಲು ಹಾಕ್ತಾರಲ್ಲಣ್ಣಾ, ನಾನು ಆ ರುಮಾಲು ಅಂತಿದಾರೆ. ನೀನು ಬಂದು ಕೂತ್ಕೊಬೇಕಂತೆ.”

ಆ ಹೊತ್ತಿಗೆ ಮರ್ಯಾದಸ್ಥನಾದವನು ಕ್ಷಮೆ ಕೇಳುತ್ತಿದ್ದ. ನಾನು ಕೇಳಿದ್ದು, “ಅಲ್ಲೂ ಬಸ್ಸಿಗೆ ಟವೆಲ್ ಹಾಕ್ತಾರಾ?”

ಹಾಕುತ್ತಾರಂತೆ. ಹಾಕಿದ ಮೇಲೆ ಜಗಳವೂ ಆಗುತ್ತದಂತೆ. ನನಗೆ ಯಾಕೋ ಎದೆ ಹಗುರವಾಯಿತು.

ಆದರೆ ಈಶ್ವರಿ ಅಷ್ಟಕ್ಕೆ ಬಿಡುವವಳಲ್ಲ. “ತಪ್ಪಾಯ್ತು ಅಂತ ನಂಗೊಬ್ಳಿಗೇ ಹೇಳಿದ್ರೆ ಸಾಲ್ದು ಅಣ್ಣಾ. ಅದೇ ಟೀ ಅಂಗ್ಡಿ, ಅದೇ ಸ್ಪೀಕರು. ಹೇಳಿದ್ರೆ ಎಡಗಿವಿ ನಿಂದು.” ಎರಡು ದಿನ ಬಸ್‌ಸ್ಟ್ಯಾಂಡಿನ ಕಡೆಗೇ ಹೋಗದೆ ಮನೆಯಲ್ಲಿ ಟೀ ಕುಡಿದೆ. ಮೂರನೇ ದಿನ ಹೋಗಿ ಸ್ಪೀಕರ್ ಹಾಕಿ, ಅದೇ ನಾಲ್ವರ ಎದುರು, “ಈಶ್ವರೀ, ನಾನಂದದ್ದು ತಪ್ಪು. ರಶೀದ್ ಭಾಯಿಗೂ ಹೇಳು,” ಎಂದೆ. ಯಾರಾದರೂ ನಗುತ್ತಾರೆ ಎಂದು ಕಾದೆ. ಹಿಂದೆ ತೊಡೆ ತಟ್ಟಿದ್ದವನು ಲೋಟ ಕೆಳಗಿಟ್ಟು ಮತ್ತೆ ತಟ್ಟಿದ: “ಅಪ್ಪಡಿ ಸೊಲ್ಲುಂಗ ಮಾಮಾ!” ಅವನಿಗೆ ಎಲ್ಲವೂ ಒಪ್ಪಿಗೆ. ಇಪ್ಪತ್ತು ವರ್ಷ ನಾನು ಇಂಥವನ ಮೆಚ್ಚುಗೆಗಾಗಿ ಗಂಟಲು ಹರಿದುಕೊಂಡಿದ್ದೆ.

ಆಮೇಲೆ ಭಾನುವಾರದ ಮಧ್ಯಾಹ್ನಗಳಲ್ಲಿ ರಶೀದ್ ಭಾಯಿಯ ಜೊತೆ ಮಾತು ಬೆಳೆಯಿತು. ನಿಲಾಗೆ ಜ್ವರ ಬಂದಾಗ ಈಶ್ವರಿ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ತರಹೋದರೆ, ನಸೀಮಾ ಆಗಲೇ ಕೆಂಪು ಮೆಣಸಿನಕಾಯಿ ಹಿಡಿದು ಮಗುವಿಗೆ ಸುತ್ತಿಸುತ್ತಿದ್ದಳಂತೆ. ನಮ್ಮಲ್ಲಿ ಮೂರು ದಾರಿ ಕೂಡುವ ಕಡೆಯ ಮಣ್ಣೂ ಬೇಕು. ಶಾರ್ಜಾದಲ್ಲಿ ಡಾಂಬರು ಬಿಟ್ಟರೆ ಮಣ್ಣಿಲ್ಲವಾದ್ದರಿಂದ ಇಬ್ಬರೂ ಅದನ್ನು ಕೈಬಿಟ್ಟರು. ನಮ್ಮ ಮನೆಯವರು ತಿನ್ನದ ಮಾಂಸವನ್ನು ಆ ಅಡುಗೆಮನೆಗೆ ಅವರು ಒಂದು ದಿನವೂ ತರಲಿಲ್ಲ. ಯಾರೂ ಕೇಳಿಕೊಂಡಿರಲಿಲ್ಲ. ಮಾವನ ಮಗಳನ್ನು ಮದುವೆಯಾಗುವುದು ನಮ್ಮಲ್ಲಿ ಮುರೆ, ಹಕ್ಕಿನ ಸಂಬಂಧ, ಎಂದೆ. ಲಾರಿಯ ಹಿಂದಿಯವರು ಇದಕ್ಕೆ ಥೂ ಎನ್ನುತ್ತಿದ್ದರು. ಅವನು, “ನಮ್ಮಲ್ಲೂ! ನಸೀಮಾ ನನ್ನ ಮಾಮನ ಮಗಳೇ,” ಎಂದು ಕುಣಿದ. ನಾನೂ ಕುಣಿದೆ. ಅದೇ ಉಮೇದಿನಲ್ಲಿ ಅವನು ಚಿಕ್ಕಪ್ಪನ ಮಗಳನ್ನೂ ಆಗಬಹುದು ಎಂದ. ನಾನು ಕೂತುಬಿಟ್ಟೆ. ನಮ್ಮಲ್ಲಿ ಅವಳು ತಂಗಿ. ಹಾಗೆಯೇ ನಮ್ಮ ಪನ್ನೀರ್ ದ್ರಾಕ್ಷಿಯಲ್ಲಿ ಬೀಜವಿದೆ ಎಂದಾಗ ಅವನು ಕೂತುಬಿಟ್ಟ. ಅವನ ಪ್ರಕಾರ ಬೀಜದ ದ್ರಾಕ್ಷಿ ಆಡುಗಳಿಗೆ. ಬೀಜವಿಲ್ಲದ್ದು ಹಲ್ಲಿಲ್ಲದವರಿಗೆ ಎಂದು ನಾನು ಹೇಳಿಸಿದೆ. ಈ ಎರಡು ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಮರುವರ್ಷ ಸಂಕ್ರಾಂತಿಯ ತೈ ತಿಂಗಳಲ್ಲಿ ಈಶ್ವರಿ ಮಗುವನ್ನು ಕರೆದುಕೊಂಡು ಬಂದಳು. ತೇವಾರದ ಹತ್ತಿರ ನಮ್ಮ ಕುಲದೇವತೆಯ ಗುಡಿಯ ಮುಂದೆ ಚಾಪೆ ಹಾಸಿದರು. ನಾನೂ ಒಂದು ಜೋಡಿ ಓಲೆ ಮಾಡಿಸಿದ್ದೆ. “ಜೋಡಿ ಮುರೀಬಾರ್ದಣ್ಣಾ,” ಎಂದು ಈಶ್ವರಿ ಅದನ್ನು ಎತ್ತಿಟ್ಟು, ಡಬ್ಬಿಯಲ್ಲಿದ್ದ ಮುಲ್ತಾನಿನ ಓಲೆಯನ್ನೇ ಕಿವಿ ಚುಚ್ಚುವ ಆಚಾರಿಯ ಕೈಗೆ ಕೊಟ್ಟಳು. ರಶೀದ್ ಭಾಯಿಗೆ ವೀಸಾ ಎಲ್ಲಿ ಸಿಗಬೇಕು? ಊಟದ ಬಿಡುವಿನಲ್ಲಿ ಫೋನಿನೊಳಗಿಂದಲೇ ನೋಡುತ್ತಿದ್ದ. ಅವ್ವ ಅವನನ್ನು ತೆಂಗಿನಕಾಯಿಗೆ ಒರಗಿಸಿ ನಿಲ್ಲಿಸಿದ್ದಳು.

ನಿಲಾ ಬಂದು ನನ್ನ ಮಡಿಲಲ್ಲಿ ಕೂತಳು. ಕೂತು, ತಲೆಯೆತ್ತಿ, “ನೀನು ಅಳ್ಬೇಡ ಮಾವ,” ಎಂದಳು. ಅವಳು ಹಾಗೆ ಅನ್ನಬಾರದಿತ್ತು. ಆಚಾರಿ ಸೂಜಿ ಎತ್ತುವಷ್ಟರಲ್ಲಿ ನನ್ನ ತೊಡೆ, ಕೈ, ಗದ್ದ ಎಲ್ಲ ನಡುಗತೊಡಗಿದವು. ಫೋನಿನೊಳಗಿಂದ ರಶೀದ್ ಭಾಯಿ ಕೂಗುತ್ತಿದ್ದ. “ಗಟ್ಟಿಯಾಗಿ ಹಿಡ್ಕೊಬೇಕಂತೆ ಅಣ್ಣಾ, ಹಣೆ ಒತ್ಕೊ!” ಎಂದು ಈಶ್ವರಿಯೂ ಕೂಗಿದಳು. ಮಗು ಅಳಲಿಲ್ಲ. ಅತ್ತದ್ದು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಈಗ ನಿಲಾಳ ಎರಡೂ ಕಿವಿಯಲ್ಲಿ ಓಲೆಗಳಿವೆ. ಎದುರಿಗೆ ನಿಂತು ನೋಡಿದರೆ ಎಡಗಿವಿಯದು ಒಂದು ಎಳ್ಳಿನಷ್ಟು ಕೆಳಗಿದೆ. ಯಾಕೆ ಹೀಗೆ ಎಂದು ಕೇಳಿದವರಿಗೆಲ್ಲ ಅವ್ವ ಮೊಮ್ಮಗಳ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸುತ್ತಾಳೆ: “ನೆಟ್ಟಗಿದೆಯಲ್ಲ, ಇದು ಪಾಕಿಸ್ತಾನದೋರು ಹಿಡ್ಕೊಂಡಿದ್ದು. ಸೊಟ್ಟಗಿರೋದು ನನ್ ಮಗಂದು.”