ಕಾರ್ ಶೆಡ್ಡಿನಲ್ಲಿ ನಿಂತ ನೀರು

ಶಿರ್ತಾಡಿಯ ನಮ್ಮ ಮನೆಯಲ್ಲಿ ಯಾವ ಕೆಲಸವೂ ಒಂದೇ ಸಲಕ್ಕೆ ಸರಿಯಾದದ್ದಿಲ್ಲ. ಬೇರೆಯವರು ಕಾರು ತೆಗೆದುಕೊಂಡರೆ ಓಡಿಸುತ್ತಾರೆ. ನಾನು ತೆಗೆದುಕೊಂಡರೆ ಅದು ನೀರಿನಲ್ಲಿ ನಿಲ್ಲುತ್ತದೆ. ವಿಜ್ಞಾನದ ಮಾಸ್ಟ್ರಾಗಿ ನಿವೃತ್ತನಾದ ಮೇಲೆ ಕೊಂಡ ಮೊದಲ ಕಾರು. ಅಮ್ಮನನ್ನು ಅದರಲ್ಲಿ ಕೂರಿಸಿ ಮೂಡುಬಿದಿರೆಯ ಬಸದಿಗೆ ಕರೆದುಕೊಂಡು ಹೋಗಬೇಕು, ಅಷ್ಟೇ ನನ್ನ ಆಸೆ.

ಮೇಸ್ತ್ರಿಯ ಶಾಸ್ತ್ರ

ಶೆಡ್ಡು ಕಟ್ಟುವಾಗ ಮೇಸ್ತ್ರಿ, "ಸರ್, ನೀರು ಈಶಾನ್ಯಕ್ಕೆ ಹೋಗಬೇಕು. ಶಾಸ್ತ್ರ ಉಂಟು," ಎಂದು ನೆಲವನ್ನು ಆ ಕಡೆಗೇ ಇಳಿಜಾರು ಮಾಡಿದ. ಈಶಾನ್ಯದಲ್ಲಿ ಇದ್ದದ್ದು ನಮ್ಮ ಅಡುಗೆಮನೆಯ ಗೋಡೆ. ಹತ್ತು ದಿನ ಬಿಡದೆ ಮಳೆ ಹೊಯ್ದು, ಗೇಟಿನಿಂದ ನುಗ್ಗಿದ ನೀರು ಅಲ್ಲೇ ನಿಂತಿತು. ಕಾರಿನ ಚಕ್ರ ಅರ್ಧ ಮುಳುಗಿತು. ಸ್ಟಾರ್ಟ್ ಮಾಡಲು ನನಗೆ ಧೈರ್ಯ ಬರಲಿಲ್ಲ. ಮೇಸ್ತ್ರಿಯನ್ನು ಕರೆಸಿದೆ. ನೋಡಿದವನ ಮುಖ ಅರಳಿತು.

"ನೋಡಿ ಸರ್, ಒಂದು ಹನಿ ಬೇರೆ ಕಡೆ ಹೋಗ್ಲಿಲ್ಲ!"

ಹಳೆಯ ಶಿಷ್ಯೆ

ಸೊಳ್ಳೆ ತಪಾಸಣೆಗೆ ಬಂದ ಆಶಾ ಕಾರ್ಯಕರ್ತೆ ನನ್ನದೇ ಶಿಷ್ಯೆ. ಶೆಡ್ಡಿಗೆ ಟಾರ್ಚ್ ಬಿಟ್ಟು ನಕ್ಕಳು. "ಸರ್, ನಿಂತ ನೀರಿನ ಪ್ರಶ್ನೆಗೆ ನೀವು ನನಗೆ ಒಂದು ಅಂಕ ಕಡಿಮೆ ಕೊಟ್ಟಿದ್ರಿ, ನೆನಪುಂಟಾ? ಉದಾಹರಣೆ ಬರೆದಿಲ್ಲ ಅಂತ."

"ಇರಬಹುದು, ಯಾಕೆ?"

"ಈಗ ಉದಾಹರಣೆ ಸಿಕ್ಕಿತು," ಎಂದು ಫೋಟೋ ತೆಗೆದುಕೊಂಡು, ಮೂರು ದಿನದಲ್ಲಿ ನೀರು ಖಾಲಿಯಾಗಬೇಕು ಎಂದು ಹೇಳಿ ಹೋದಳು.

ಮೀನಿನ ಪಾಪ

ತೋಟದ ಪಂಪು ತಂದು ಇಟ್ಟೆ. ಅಮ್ಮ ಬಂದು ಸ್ವಿಚ್ಚಿಗೆ ಅಡ್ಡ ನಿಂತರು. "ನಿಲ್ಲಿಸು ಮಗಾ. ಅದರಲ್ಲಿ ಕಪ್ಪೆಮರಿಗಳುಂಟು." ಹುಟ್ಟಿದಂದಿನಿಂದ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿದ ಜೈನ ಹೆಂಗಸು; ಅವರೊಂದಿಗೆ ವಾದ ಮಾಡಿ ಗೆದ್ದವರಿಲ್ಲ. ಮೂರು ದಿನ ಬಕೆಟ್ಟಿನಲ್ಲಿ ನೀರು ಮೊಗೆದು, ಸೋಸಿ, ಬಟ್ಟೆಗೆ ಸಿಕ್ಕಿದ್ದನ್ನೆಲ್ಲ ಕೆರೆಗೆ ಬಿಟ್ಟು ಬಂದೆ. ಸೊಂಟ ಬಿದ್ದುಹೋಯಿತು.

"ಕೆರೆಯಲ್ಲಿ ಮೀನು ಅವನ್ನು ತಿನ್ನುವುದಿಲ್ವಾ ಅಮ್ಮ?"

"ಅದು ಮೀನಿನ ಪಾಪ."

ಬಸದಿಗೆ ಹೊರಟದ್ದು

ಅಂತೂ ನೆಲ ಒಣಗಿತು. ಮರುದಿನ ಬೆಳಿಗ್ಗೆ ಅಮ್ಮ ರೇಷ್ಮೆ ಸೀರೆ ಉಟ್ಟು ಬಂದರು. ನನಗೆ ಕಣ್ಣು ತುಂಬಿ ಬಂತು. ಬಾಗಿಲು ತೆರೆದೆ. ಅವರು ಹತ್ತುವ ಮೊದಲು ಬಗ್ಗಿ ನೋಡಿದರು. ಹಿಂದಿನ ಚಕ್ರಕ್ಕೆ ಒರಗಿ ದೊಡ್ಡದೊಂದು ಕಪ್ಪೆ ಕೂತಿತ್ತು.

"ಓಡಿಸ್ತೇನೆ," ಎಂದು ಅಂಗಳ ಗುಡಿಸುವ ಹಿಡಿಸೂಡಿ ತಂದೆ.

"ಬೇಡ. ಅದಾಗಿಯೇ ಹೋಗಲಿ."

ಅರ್ಧ ಗಂಟೆ ಕಾದೆವು. ಅದು ಕಣ್ಣೂ ಮಿಟುಕಿಸಲಿಲ್ಲ. ಪೂಜೆಗೆ ಹೊತ್ತಾಯಿತೆಂದು ಅಮ್ಮ ಸೀದಾ ರಸ್ತೆಗೆ ನಡೆದು ಬಸ್ಸಿಗೆ ಕೈ ತೋರಿಸಿದರು. ನಾನೂ ಹಿಂದೆಯೇ ಹತ್ತಿದೆ; ಸೀಟು ಸಿಕ್ಕಿದ್ದು ಅವರಿಗೆ ಮಾತ್ರ.

"ಮಗ ಹೊಸ ಕಾರು ತೆಗೆದಿದ್ದಾನೆ," ಎಂದು ಪಕ್ಕದವರಿಗೆ ಹೆಮ್ಮೆಯಿಂದ ಹೇಳುವುದು ಕೇಳಿಸಿತು.

"ಹೌದಾ? ಮತ್ತೆ ಬಸ್ಸಿನಲ್ಲಿ ಯಾಕೆ ಅಮ್ಮ?"

"ಮನೆಗೆ ನೆಂಟರು ಬಂದಿದ್ದಾರೆ. ಇವತ್ತು ಕಾರು ಅವರಿಗೆ ಬೇಕಾಯ್ತು."