ಕಾಶಿನಾಥರ ರೇಸಿನ ಎಂಜಿನ್ನು, ಕುಬುಸದ ಬುತ್ತಿ

"ಒಂದು ತಿಂಗಳದಾಗ ಈ ಗಾಡಿ ರೇಸಿನ ಗಾಡಿ ಆಗಲಿಲ್ಲಂದ್ರ ನನ್ನ ಹೆಸರು ಕಾಶಿನಾಥ ಅಲ್ಲ!"

ಅಣ್ಣಿಗೇರಿಯ ಕಾಶಿನಾಥರು ಈ ಘೋಷಣೆ ಹೊರಡಿಸಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಕೇಳಿಸಿಕೊಂಡವರು ಇಬ್ಬರೇ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶೈಲಶ್ರೀ, ಬಳ್ಳೊಳ್ಳಿ ಸುಲಿಯುತ್ತಿದ್ದ ತಾಯಿ ಮಹಾದೇವಕ್ಕ. ಇಬ್ಬರೂ ಕೈ ನಿಲ್ಲಿಸಲಿಲ್ಲ.

"ಹಂಗಾರ ಹೊಸಾ ಹೆಸರು ಈಗ ಹುಡುಕಿ ಇಟಗೋರಿ," ಎಂದಳು ಶೈಲಶ್ರೀ.

ಕಾರಣವಿತ್ತು. ಹಿಂದಿನ ವಾರ ನವಲಗುಂದದ ರಸ್ತೆಯಲ್ಲಿ ಬೀಗರಾದ ಅಂದಾನೆಪ್ಪನವರು, ಅಂದರೆ ಮಗಳು ನೇತ್ರಾಳ ಮಾವ, ತಮ್ಮ ಹೊಸ ಕಾರಿನಲ್ಲಿ ಇವರ ಹಳೆಯ ಕಾರನ್ನು ಹಿಂದೆ ಹಾಕಿದ್ದರು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕಿಟಕಿ ಇಳಿಸಿ, ಕೈ ಬೀಸಿ, ನಕ್ಕು ಹೋದರು! ತಾಲೂಕು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಒಂದು ಕಡತವನ್ನೂ ಅವಸರಿಸದ ಕಾಶಿನಾಥರಿಗೆ ಅಂದು ಮೊದಲ ಬಾರಿ ವೇಗದ ಹುಚ್ಚು ಹಿಡಿಯಿತು.

ಮೊಬೈಲಿನಲ್ಲಿ ಟೂರಿಂಗ್ ಕಾರ್ ರೇಸು ನೋಡಿ ನೋಡಿ ಅವರಿಗೆ ಜ್ಞಾನೋದಯವೂ ಆಗಿತ್ತು. "ನೋಡಾಕ ನಮ್ಮಂಥಾ ಮನಿ ಗಾಡಿನ. ಎಂಜಿನ್ ಅಷ್ಟ ರೇಸಿಂದು!" ತಿಂಗಳು ಕಳೆದರೆ ತಿರ್ಲಾಪುರದ ಬೀಗರ ಮನೆಯಲ್ಲಿ ನೇತ್ರಾಳ ಕುಬುಸ, ಅಂದರೆ ಮೊದಲ ಬಸಿರಿನ ಸೀಮಂತ. ಬುತ್ತಿ ಹೊತ್ತ ಕಾರು ಗುಡುಗುತ್ತ ಹೋಗಿ ಅಂದಾನೆಪ್ಪನವರ ಕಟ್ಟೆಯ ಮುಂದೆ ನಿಲ್ಲಬೇಕು. ಅವರ ನಗು ಅಲ್ಲಿಯೇ ಆರಬೇಕು!

ಗ್ಯಾರೇಜಿನ ಅಬ್ದುಲ್‌ಸಾಬ ಆದಷ್ಟು ತಡೆದ. "ಸಾಹೇಬ್ರ, ರೇಸಿನ ಎಂಜಿನ್ನಿಗೆ ರೇಸಿನ ರಸ್ತಾ ಬೇಕ್ರಿ. ನಮ್ಮಲ್ಲಿ ಎಮ್ಮಿ ಅಡ್ಡ ಬರ್ತಾವ."

"ಎಮ್ಮಿ ಚಿಂತಿ ನನಗಿರಲಿ, ನೀ ಮಾಡೋ!"

ಮಾಡಿದ. ಎಂಜಿನ್ನಿನ ಹೆಡ್ ಬಿಚ್ಚಿ ಉಜ್ಜಿದ, ಹುಬ್ಬಳ್ಳಿಯಿಂದ ಬೇರೆ ಕ್ಯಾಮ್‌ಶಾಫ್ಟ್ ತಂದು ಕೂಡಿಸಿದ, ಸೈಲೆನ್ಸರ್ ಕಿತ್ತು ನೆಟ್ಟಗೆ ಪೈಪು ಹಾಕಿದ. ಚಾಲೂ ಮಾಡಿದಾಗ ಎದುರಿನ ಹೋಟೆಲ್ಲಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ನಿಂತರು. ಕೀಲಿ ಕೊಡುವಾಗ ಅಬ್ದುಲ್‌ಸಾಬ ಮತ್ತೊಂದು ಮಾತು ಹೇಳಿದ. "ಜೋರ ಹೊಡದ್ರ ಹುಲಿ. ಸಾವಕಾಶ ಹೊಡದ್ರ ಜೀವಾನ ಇರೂದಿಲ್ರಿ. ಬಿಸಿ ಇದ್ದಾಗ ನಿಲ್ಲಸಬ್ಯಾಡ್ರಿ, ನಿಂತ್ರ ಬಂದ್ ಬೀಳ್ತೈತಿ."

ಇನ್ನುಳಿದದ್ದು ತೂಕ. ಹತ್ತಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿದರು: ಹಿಂದಿನ ಸೀಟು, ಸ್ಟೆಪ್ನಿ, ಜಾಕು, ನೆಲದ ಹಾಸು, ಕೊನೆಗೆ ಮುಂದೆ ಕಟ್ಟಿದ್ದ ಲಿಂಬಿಹಣ್ಣು, ಮೆಣಸಿನಕಾಯಿ. ಒಟ್ಟು ಐವತ್ತೆರಡು ಕಿಲೋ ಇಳಿಯಿತು! ತಕ್ಕಡಿ ಖಾಲಿಯಾದಾಗ ಕಾಶಿನಾಥರು ತಾವೂ ಒಮ್ಮೆ ಹತ್ತಿ ನೋಡಿದರು. ತೊಂಬತ್ತೆಂಟು. ಅದನ್ನು ಯಾರಿಗೂ ಹೇಳಲಿಲ್ಲ. ಅಂಗಡಿಯವನು ಶೈಲಶ್ರೀಗೆ ಹೇಳಿದ.

"ಹಿಂದಿನ ಸೀಟ ಎಲ್ಲಿ ಹೋತ್ರಿ?"

"ಬ್ಯಾಡಾದ ಭಾರ ಇಳಸೂದು ರೇಸಿನ ಮೊದಲನೇ ನಿಯಮ!"

"ಅತ್ತಿ ಎಲ್ಲಿ ಕುಂದರಬೇಕು?"

"ಜಮಖಾನಿ ಹಾಸಿದ್ರಾತು."

"ಆ ಕೀಲಿ ನನ್ನ ಕೈಯಾಗ ಕೊಡ್ರಿ. ಲೈಸೆನ್ಸ್ ತಗೊಂಡು ಎಂಟ ವರ್ಷ ಆತು."

"ಹೆಣ್ಣಮಕ್ಕಳು ಹೊಡದ್ರ ಪಿಕಪ್ ಹೋಗ್ತೈತಿ!" ಎಂದು ಕಾಶಿನಾಥರು ಕೀಲಿಯನ್ನು ಒಳಗಿನ ಜೇಬಿಗೆ ಇಳಿಸಿದರು.

ಕುಬುಸದ ದಿನ ಜಮಖಾನಿಯ ಮೇಲೆ ಮಹಾದೇವಕ್ಕ ಕುಳಿತರು. ಅವರ ಸುತ್ತ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಕರ್ಚಿಕಾಯಿ, ಮಾದ್ಲಿ, ಮೊಸರಿನ ಗಡಿಗೆ. ಇಳಿಸಿದ ಐವತ್ತೆರಡು ಕಿಲೋ ಬುತ್ತಿಯ ರೂಪದಲ್ಲಿ ಮರಳಿ ಏರಿತು. ಹನ್ನೊಂದೂವರೆಗೆ ಮುಹೂರ್ತ. ಮೊದಲು ಉಡಿ ತುಂಬಬೇಕಾದವರು ತವರಿನವರು. ಅದಕ್ಕೆ ಶೈಲಶ್ರೀ ವಾರದಿಂದ ಸರಿಯಾಗಿ ನಿದ್ದೆಯನ್ನೇ ಮಾಡಿರಲಿಲ್ಲ.

ಬಯಲಿನ ರಸ್ತೆಯಲ್ಲಿ ಕಾರು ನಿಜಕ್ಕೂ ಹುಲಿಯಾಯಿತು! ಕಾಶಿನಾಥರ ಮೀಸೆ ತಾನಾಗಿ ಮೇಲೆದ್ದಿತು. ಆದರೆ ಕಾಲುವೆಯ ದಿಬ್ಬಕ್ಕೆ ಬಂದಾಗ ಹತ್ತಿ ಹೇರಿದ ಟ್ರ್ಯಾಕ್ಟರೊಂದು ಮುಂದೆ ಸಾವಕಾಶ ಏರುತ್ತಿತ್ತು. ಕಾಶಿನಾಥರು ಹಾರ್ನ್ ಬಾರಿಸಿದರು, ಬೈದರು, ಕೊನೆಗೆ ಬ್ರೇಕು ತುಳಿದರು. ಹುಲಿ ಒಮ್ಮೆ ಕೆಮ್ಮಿ ಪ್ರಾಣ ಬಿಟ್ಟಿತು.

ಅರ್ಧ ತಾಸು ಆರಿದ ಮೇಲೆ ಚಾಲೂ ಆಯಿತು. ಎರಡು ಮಾರು ಏರಿ ಮತ್ತೆ ಸತ್ತಿತು. ಮತ್ತೊಮ್ಮೆ, ಮಗದೊಮ್ಮೆ. ಹನ್ನೊಂದು ಹೊಡೆಯಿತು. ಶೈಲಶ್ರೀಗೆ ಅಳುವೇ ಬಂತು.

"ಯವ್ವಾ, ಬುತ್ತಿ ಇಳಸೂಣೇನ? ಭಾರ ಕಡಿಮಿ ಆಕ್ಕೈತಿ," ಎಂದರು ಕಾಶಿನಾಥರು.

"ಲೇ ಕಾಶ್ಯಾ! ಮಗಳ ಬುತ್ತಿ ನಡು ದಾರ್ಯಾಗ ಇಳಸ್ತಾರೇನಲೇ?" ಎಂದು ಮಹಾದೇವಕ್ಕ ಗಡಿಗೆ ತಬ್ಬಿಕೊಂಡರು.

ಶೈಲಶ್ರೀ ಕಣ್ಣೊರೆಸಿಕೊಂಡಳು. "ಉಡಿ ತುಂಬಾಕ ನಾ ಬೇಕು. ಆರತಿಗೆ ಅತ್ತಿ ಬೇಕು. ಬುತ್ತಿ ಬೇಕ ಬೇಕು. ರೇಸಿನ ಮೊದಲನೇ ನಿಯಮ ಏನಂದಿದ್ರಿ?"

ಕಾಶಿನಾಥರು ಮತ್ತೊಮ್ಮೆ ಕೀಲಿ ತಿರುವಿ ನೋಡಿದರು.

"ತೊಂಬತ್ತೆಂಟ ಕಿಲೋ, ಇಳೀರಿ! ಹಿಂದಿನಿಂದ ನೂಕ್ರಿ."

ಇಳಿದರು. ಕೀಲಿ ಕಾರಿನಲ್ಲಿಯೇ ಉಳಿಯಿತು. ಶೈಲಶ್ರೀ ಸ್ಟೇರಿಂಗಿಗೆ ಕುಳಿತಳು, ಕಾಶಿನಾಥರು ನೂಕಿದರು, ಎಂಜಿನ್ನು ಗರ್ಜಿಸಿತು. ಕಾರು ದಿಬ್ಬ ಏರಿತು, ಇಳಿಯಿತು, ಹೋಯಿತು!

"ನಿಲ್ಲಸ! ನಾ ಹತ್ತತೇನಿ!" ಎಂದು ಕಾಶಿನಾಥರು ಓಡಿದರು.

"ನಿಲ್ಲಸಿದ್ರ ಬಂದ್ ಬೀಳ್ತೈತ್ರೀ!" ಎಂಬ ಶೈಲಶ್ರೀಯ ದನಿ ಧೂಳಿನೊಳಗಿಂದ ಬಂತು.

ಕಾಶಿನಾಥರು ಬಿಸಿಲಲ್ಲಿ ನಡೆದರು. ಎರಡು ಮೈಲಿಯ ಮೇಲೆ, ಬೇವಿನ ಮರದ ನೆರಳಿನಲ್ಲಿ ಅದೇ ಟ್ರ್ಯಾಕ್ಟರು ನಿಂತಿತ್ತು. ಚಾಲಕ ಹನುಮೇಶ ಬುತ್ತಿ ಉಂಡು ಕೈ ತೊಳೆಯುತ್ತಿದ್ದ. "ಬರ್ರಿ ಸಾಹೇಬ್ರ, ಹತ್ತಿ ಮ್ಯಾಲ ಕುಂದರ್ರಿ. ಹಾರ್ನ್ ಮಾತ್ರ ಬಾರಸಬ್ಯಾಡ್ರಿ," ಎಂದ.

ತಿರ್ಲಾಪುರ ಮುಟ್ಟುವಾಗ ಒಂದೂವರೆ. ಉಡಿ ತುಂಬಿ, ಆರತಿ ಬೆಳಗಿ, ಊಟದ ಎರಡನೇ ಪಂಕ್ತಿ ಕುಳಿತಿತ್ತು. ಹಸಿರು ಸೀರೆಯ ನೇತ್ರಾಳ ಮುಖ ನೋಡಿ ಕಾಶಿನಾಥರಿಗೆ ಸಿಟ್ಟೆಲ್ಲ ಇಳಿದುಹೋಯಿತು. ತಲೆಯ ತುಂಬ ಹತ್ತಿ ಮೆತ್ತಿಕೊಂಡ ಅಪ್ಪನನ್ನು ನೋಡಿ ಅವಳಿಗೆ ನಗು ತಡೆಯಲಿಲ್ಲ. ಕಟ್ಟೆಯ ಮೇಲಿದ್ದ ಅಂದಾನೆಪ್ಪನವರು ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು.

"ಬೀಗರ, ಒಪ್ಪಿದೆ ಬಿಡ್ರಿ, ಅಗದಿ ಜೋರ ಐತಿ ನಿಮ್ಮ ಗಾಡಿ! ನಾ ಬರೇ ನಿಮ್ಮ ಗಾಡಿ ಹಿಂದ ಹಾಕಿದ್ದೆ. ಅದು ನಿಮ್ಮನ್ನ ಹಿಂದ ಹಾಕಿ ಬಂತು!"

ಕಾಶಿನಾಥರು ಎರಡು ಹೋಳಿಗಿ ಕಡಿಮೆ ಉಂಡರು. ಹೊರಡುವ ಹೊತ್ತಿಗೆ ಕಾರಿನ ಬಳಿ ಬಂದು ಕೀಲಿಗೆ ಕೈ ಚಾಚಿದರು. ಶೈಲಶ್ರೀ ಆಗಲೇ ಚಾಲಕರ ಸೀಟಿನಲ್ಲಿದ್ದಳು, ಪಕ್ಕದಲ್ಲಿ ಮಹಾದೇವಕ್ಕ. ಹಿಂದೆ ಜಮಖಾನಿಯ ಮೇಲೆ ಖಾಲಿ ಬುಟ್ಟಿಗಳ ನಡುವೆ ಒಬ್ಬರಿಗಾಗುವಷ್ಟು ಜಾಗವಿತ್ತು.

"ಹತ್ರಿ, ಹಿಂದ ಕುಂದರ್ರಿ," ಎಂದಳು ಶೈಲಶ್ರೀ. "ಕಾಲುವಿ ದಿಬ್ಬ ಬಂದಾಗ ಹೇಳ್ತೇನಿ."